ಮಂಚಿಕೇರಿ ದಾರಿಯ ಟೊಂಗೆ

ತಂಗಿಯ ಮಗುವನ್ನು ನೋಡಲೆಂದು ಅತ್ತೆಯೂ ನಾನೂ ಚೈತ್ರದ ಬಿಸಿಲಿನಲ್ಲಿ ಶಿರಸಿಯಿಂದ ಯಲ್ಲಾಪುರಕ್ಕೆ ಹೊರಟೆವು. ಮೂವತ್ತು ಮೈಲು ದಾರಿ, ತಲೆಗೆ ಹನ್ನೆರಡಾಣೆ. ಮೋಟಾರು ಹುಸೇನಸಾಬರದು. ಸೀಟಿನ ನಾರು ಸೀರೆಗೆ ಚುಚ್ಚುತ್ತಿತ್ತು. ಭೈರುಂಬೆ ದಾಟುವಷ್ಟರಲ್ಲಿ ಅತ್ತೆಯ ಬಿಳಿಗೂದಲು ಧೂಳಿಗೆ ಕೆಂಚಗಾಗಿತ್ತು.

ಮಂಚಿಕೇರಿ ದಾಟಿದ ಮೇಲೆ ಕಾಡಿನ ತಿರುವೊಂದರಲ್ಲಿ ಇಂಜಿನ್ನು ಕಾದು ನಿಂತಿತು. ಹಾಗೆ ನಿಂತಾಗ ಮೋಟಾರಿನ ಹಿಂದೆ ಹಸಿರು ಟೊಂಗೆ ಇಡುವುದು ರೂಢಿ. ನಾಟಾ ದಿಮ್ಮಿ ಹೇರಿಕೊಂಡು ಇಳಿಜಾರಿನಲ್ಲಿ ಬರುವ ಗಾಡಿಗಳಿಗೆ ದೂರದಿಂದಲೇ ಕಾಣಲೆಂದು. ಹುಸೇನಸಾಬರು ರಸ್ತೆಬದಿಯ ಮರದಿಂದ ಒಂದು ಟೊಂಗೆ ಕಡಿದು ಎಳೆದು ತಂದರು.

ಬಿಳಿ ಹುಬ್ಬಿನ ಪುಟ್ಟ ಕಪ್ಪು ಹಕ್ಕಿಯೊಂದು ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ ಮುಚ್ಚಿ ನಮ್ಮ ತಲೆಯ ಮೇಲೆ ಸುತ್ತತೊಡಗಿತು. ನೊಣಹಿಡುಕ. ನಾನು ಕಲಿತ ಕಾನ್ವೆಂಟಿನ ಮಾವಿನಲ್ಲಿ ಇದೇ ಹಕ್ಕಿ ಗೂಡು ಕಟ್ಟಿತ್ತು. ಮೊಟ್ಟೆಯೊಡೆದ ಮರಿ ಹಾರುವ ತನಕ, ಎರಡು ವಾರ, ಸಿಸ್ಟರು ನಮ್ಮನ್ನು ಆ ಮರದಡಿ ಆಡಗೊಟ್ಟಿರಲಿಲ್ಲ.

ಟೊಂಗೆಯ ಎಲೆ ಸರಿಸಿದೆ. ಜೇಡನ ನೂಲು ಸುತ್ತಿದ ಬಟ್ಟಲಿನಂಥ ಗೂಡು. ಒಳಗೆ ಆಗಷ್ಟೇ ಮೊಟ್ಟೆಯೊಡೆದು ಬಂದ ಎರಡು ಮರಿಗಳು, ಮುಚ್ಚಿದ ಕಣ್ಣು, ತೆರೆದ ಬಾಯಿ. ತಾಯಿ ನೊಣ ಕಚ್ಚಿಕೊಂಡು ಬಂದು, ಟೊಂಗೆ ಮೊದಲಿದ್ದ ಬರಿಗಾಳಿಯಲ್ಲಿ ರೆಕ್ಕೆ ಬಡಿದು ಮರಳಿತು.

“ಯಾ ಅಲ್ಲಾ,” ಎಂದರು ಸಾಬರು. “ಎಲಿ ದಟ್ಟ ಐತಿ ಅಂತ ಇದನ್ನ ಆರಿಸಿದ್ನಲ್ರೀ.”

“ಹಕ್ಕಿಯೂ ಹಾಗೇ ಆರಿಸಿತ್ತು,” ಎಂದೆ.

ಟೊಂಗೆಯನ್ನು ಮತ್ತೆ ಮರಕ್ಕೆ ಕಟ್ಟಬಹುದೇ ಎಂದು ಕೇಳಿದೆ. ಅವರು ಸಾಮಾನಿನ ಹಗ್ಗ ಬಿಚ್ಚಿ, ಮರ ಹತ್ತಿ ಕಟ್ಟತೊಡಗಿದರು.

“ಸಾಬರೇ, ರಿಪೇರಿ ಮೋಟಾರಿಗೋ, ಮರಕ್ಕೋ?” ಎಂದು ಹಿಂದಿನ ಸೀಟಿನ ಅಡಿಕೆ ದಲಾಲರು ನಕ್ಕರು.

“ಕೂಸು ನೋಡಲೆ ಹೊಂಟಿದ್ಯ, ಕಣ್ಣೀರು ಹಾಕಡ ತಂಗಿ,” ಎಂದು ಅತ್ತೆ ನನ್ನ ಸೆರಗು ಜಗ್ಗಿದರು.

ಇಂಜಿನ್ನು ತಣಿದು ನಾವು ಹೊರಟಾಗ ಹಕ್ಕಿ ಪಕ್ಕದ ಕೊಂಬೆಯಲ್ಲಿತ್ತು. ಗೂಡಿಗೆ ಇಳಿಯಿತೋ ಇಲ್ಲವೋ, ಧೂಳಿನಲ್ಲಿ ಕಾಣಲಿಲ್ಲ.

ಯಲ್ಲಾಪುರದಲ್ಲಿ ಮಗು ನನ್ನ ತೊಡೆಯ ಮೇಲೆ ಬಾಯಿ ತೆರೆದಾಗಲೆಲ್ಲ ಆ ತಿರುವು ನೆನಪಾಗುತ್ತಿತ್ತು.

ನಾಲ್ಕು ದಿನ ಕಳೆದು ಅದೇ ಮೋಟಾರಿನಲ್ಲಿ ಮರಳಿದೆವು. ಯಾರೂ ಹೇಳದೆಯೇ ಸಾಬರು ಅಲ್ಲಿ ನಿಲ್ಲಿಸಿದರು. ಟೊಂಗೆಯ ಎಲೆಗಳು ಸುರುಟಿಕೊಂಡು, ಮರೆ ಹೋಗಿ, ಗೂಡು ಬಿಸಿಲಿಗೆ ಬಯಲಾಗಿತ್ತು. ಅವರು ಹತ್ತಿ ಇಣುಕಿದರು, ಬೇಗನೆ ಇಳಿದರು.

“ಖಾಲಿ ಐತ್ರಿ. ಹಾರಿ ಹೋಗ್ಯಾವ, ಅಕ್ಕಾರ.” ನನ್ನ ಕಡೆ ನೋಡಲಿಲ್ಲ.

ನನಗೆ ಎರಡು ವಾರದ ಲೆಕ್ಕ ಗೊತ್ತಿತ್ತು.

“ಹೌದು,” ಎಂದೆ. “ರೆಕ್ಕೆ ಬಲಿತಿರಬೇಕು.”

ಅವರು ಹಗ್ಗ ಬಿಚ್ಚಿಕೊಳ್ಳಲಿಲ್ಲ. ತಿರುವು ದಾಟುವವರೆಗೂ ಹಸಿರಿನ ನಡುವೆ ಅದೊಂದೇ ಒಣ ಟೊಂಗೆ ಕಾಣುತ್ತಿತ್ತು.