ಕಂಡಕ್ಟರರ ನೂರ ನಲವತ್ತಮೂರು ಪಾತ್ರಗಳು

ನಮ್ಮ ಬಡಾವಣೆಯ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಆರು ಕಂಪ್ಯೂಟರುಗಳಿವೆ. ಹಳೆಯವಾದವೆಂದು ಯಾವುದೋ ಕಚೇರಿಯವರು ಕೊಟ್ಟವು. ಅವಕ್ಕೆ ಮುಕ್ತ ತಂತ್ರಾಂಶ ಹಾಕಿ, ಓಡುವಂತೆ ಮಾಡಿ, ನೋಡಿಕೊಳ್ಳುವುದು ನನ್ನ ಕೆಲಸ. ಬರುವವರಲ್ಲಿ ಹೆಚ್ಚಿನವರು ಅರ್ಜಿ ತುಂಬಲು ಬರುತ್ತಾರೆ. ಕಾದಂಬರಿ ಬರೆಯಲು ಬಂದವರು ಈವರೆಗೆ ಒಬ್ಬರೇ, ಹದಿನೇಳನೇ ನಂಬರ್ ಬಸ್ಸಿನ ನಿವೃತ್ತ ಕಂಡಕ್ಟರ್.

ಮೊದಲ ದಿನ ಬಾಗಿಲಲ್ಲೇ ನಿಂತು ಸೀಟು ಇದೆಯೇ ಎಂದು ಕೇಳಿದರು. ಆರಕ್ಕೆ ಆರೂ ಖಾಲಿ ಇದ್ದವು. ಆದರೂ ಕಿಟಕಿ ಪಕ್ಕದ್ದನ್ನು ಬೇರೆಯವರಿಗೆ ಬಿಟ್ಟು, ತಾವು ಕೊನೆಯದರಲ್ಲಿ ಹೋಗಿ ಕೂತರು.

ಅವರಿಗೆ ಅವಸರವಿತ್ತು. ಹತ್ತೊಂಬತ್ತು ವರ್ಷವೂ ಅವರು ಒಬ್ಬ ಡ್ರೈವರ್ ಜೊತೆಯಲ್ಲೇ ಕೆಲಸ ಮಾಡಿದ್ದರು. ಬಸ್ಸಿನ ಹಿಂಭಾಗದಲ್ಲಿ ಜಗಳವಾಗಲಿ, ನಗುವಾಗಲಿ, ಡ್ರೈವರ್ ತಿರುಗಿ ನೋಡುವಂತಿರಲಿಲ್ಲ. ಸಂಜೆ ಡಿಪೋಗೆ ಬಂದಮೇಲೆ, ಹಿಂದೆ ಅದೇನು ಗಲಾಟೆ ಎಂದು ವಿಚಾರಿಸುತ್ತಿದ್ದರು. ಇವರು ಆಮೇಲೆ ಹೇಳುತ್ತೇನೆಂದು ಮನೆಗೆ ಓಡುತ್ತಿದ್ದರು. ಆ ‘ಆಮೇಲೆ’ ಒಂದು ದಿನವೂ ಬರಲಿಲ್ಲ. ಈಗ ಇಬ್ಬರೂ ನಿವೃತ್ತರು. ಡ್ರೈವರ್ ಎರಡು ತಿಂಗಳಲ್ಲಿ ದೂರದ ಊರಿನ ಮಗಳ ಮನೆಗೆ ಹೊರಟುಬಿಡುವವರಿದ್ದರು. ಅಷ್ಟರೊಳಗೆ ಎಲ್ಲವನ್ನೂ ಪುಸ್ತಕ ಮಾಡಿ ಅವರ ಎದುರು ಕೂತು ಓದಬೇಕು ಎನ್ನುವುದು ಕಂಡಕ್ಟರರ ಆಸೆ. ಬಾಯಲ್ಲೇ ಹೇಳಬಹುದಲ್ಲ ಎಂದು ಕೇಳಿದೆ. ಹೇಳಲು ಹೋದರೆ ಡ್ರೈವರ್ ನಡುನಡುವೆ ಬಾಯಿ ಹಾಕುತ್ತಾರಂತೆ; ಬರೆದದ್ದಾದರೆ ಸುಮ್ಮನೆ ಕೇಳಲೇಬೇಕಂತೆ.

ಕಾದಂಬರಿ ಬರೆಯುವವರಿಗೆಂದೇ ಮಾಡಿದ, ಉಚಿತವಾಗಿ ಸಿಗುವ ತಂತ್ರಾಂಶವೊಂದನ್ನು ಹುಡುಕಿ ಹಾಕಿಕೊಟ್ಟೆ. ಪರದೆಯ ಎಡಗಡೆ ಅಧ್ಯಾಯಗಳು, ಅವುಗಳೊಳಗೆ ದೃಶ್ಯಗಳು. ಒಂದು ದೃಶ್ಯವನ್ನು ಎಳೆದು ಎಲ್ಲಿಗೆ ಬೇಕಾದರೂ ಸರಿಸಬಹುದು. ಪ್ರತಿ ಪಾತ್ರಕ್ಕೂ ಒಂದು ಕಾರ್ಡು, ಅದರಲ್ಲಿ ಮೂರು ಪ್ರಶ್ನೆ. ಎಲ್ಲವೂ ಇಂಗ್ಲಿಷಿನಲ್ಲಿದ್ದವು. ಎರಡು ದಿನ ನಿಘಂಟು ಹಿಡಿದು ಕೂತು ಒಂದೊಂದನ್ನೂ ಕನ್ನಡಕ್ಕೆ ತಂದು, ಹಾಳೆಯಲ್ಲಿ ಬರೆದು ಪರದೆಯ ಪಕ್ಕ ಅಂಟಿಸಿದೆ.

ಕಂಡಕ್ಟರರಿಗೆ ಕಾರ್ಡು ಬಹಳ ಹಿಡಿಸಿತು. ಹತ್ತಿದವರಿಗೆಲ್ಲ ಒಂದೊಂದು ಹರಿದು ಕೊಟ್ಟು ರೂಢಿಯಾದ ಕೈ ಅದು. ತಿಂಗಳು ಕಳೆಯುವಷ್ಟರಲ್ಲಿ ನೂರ ನಲವತ್ತಮೂರು ಕಾರ್ಡುಗಳಾಗಿದ್ದವು. ಕಥೆ ಮಾತ್ರ ನಾಲ್ಕೇ ಪುಟ. ಒಂದು ಕಾರ್ಡು ತೆರೆದು ನೋಡಿದೆ. ‘ಈ ವ್ಯಕ್ತಿಗೆ ಏನು ಬೇಕು?’ ಎಂಬಲ್ಲಿ ‘ಕಿಟಕಿ ಸೀಟು’ ಎಂದಿತ್ತು. ‘ಅಡ್ಡಿ ಏನು?’ ಎಂಬಲ್ಲಿ ‘ಅಲ್ಲಿ ಮೊದಲೇ ಕೂತಿರುವ ದಪ್ಪನೆಯ ವ್ಯಕ್ತಿ’. ‘ಕೊನೆಗೆ ಏನಾಗುತ್ತದೆ?’ ಎಂಬಲ್ಲಿ ‘ಆಸ್ಪತ್ರೆ ಸ್ಟಾಪಿನಲ್ಲಿ ಇಳಿದರು’. ಇನ್ನೊಂದು ತೆರೆದೆ, ಕೊನೆಗೆ ಪೋಸ್ಟಾಫೀಸ್ ಸ್ಟಾಪಿನಲ್ಲಿ ಇಳಿದಿದ್ದರು. ನಾನು ತೆರೆದು ನೋಡಿದಷ್ಟೂ ಜನರ ಬಾಳು ಯಾವುದಾದರೊಂದು ಸ್ಟಾಪಿನಲ್ಲಿ ಮುಗಿದಿತ್ತು.

ಇಷ್ಟು ಜನರನ್ನು ಒಂದು ಕಥೆ ಹೊರಲಾರದು, ಕೆಲವರನ್ನು ಬಿಡಬೇಕು ಎಂದೆ. ಅವರ ಮುಖ ಚಿಕ್ಕದಾಯಿತು.

“ಸ್ಟಾಪಲ್ಲಿ ಕೈ ತೋರಿಸಿದವರನ್ನ ಬಿಟ್ಟು ಹೋಗೋ ಬುದ್ಧಿ ನಂಗೆ ಯಾವತ್ತೂ ಬಂದಿಲ್ಲ ಮೇಡಂ.”

ಅಳಿಸಬೇಕಿಲ್ಲ, ಗುರುತು ಹಾಕಿಟ್ಟರೆ ಸಾಕು, ಕಾರ್ಡು ಕಡತದಲ್ಲೇ ಉಳಿಯುತ್ತದೆ, ಪುಸ್ತಕದಲ್ಲಿ ಮಾತ್ರ ಬರುವುದಿಲ್ಲ ಎಂದು ತೋರಿಸಿಕೊಟ್ಟೆ. ಅವರೆಲ್ಲ ಅಲ್ಲಿ ಕ್ಷೇಮವಾಗಿರುತ್ತಾರೆಯೇ ಎಂದು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ ಒಬ್ಬೊಬ್ಬರ ಮೇಲೂ ಗುರುತು ಹಾಕುತ್ತಾ, “ಹಿಂದೇನೇ ಇನ್ನೊಂದು ಬಸ್ ಇದೆ, ಅದಕ್ಕೆ ಬನ್ನಿ” ಎಂದು ಮೆಲ್ಲಗೆ ಹೇಳಿ ಕಳಿಸಿದರು.

ಉಳಿದವರು ಮೂವತ್ತೊಂದು ಜನ. ಕಥೆ ಓಡತೊಡಗಿತು. ಅದರ ನಡುವೆ ಇದ್ದವರು ಒಬ್ಬ ಮೇಷ್ಟ್ರು ಮತ್ತು ಒಬ್ಬ ನರ್ಸ್. ಮೇಷ್ಟ್ರು ಮೊದಲ ಸ್ಟಾಪಿನಲ್ಲಿ ಹತ್ತಿ, ಪಕ್ಕದ ಸೀಟಿನ ಮೇಲೆ ಬ್ಯಾಗಿಟ್ಟು ಹಿಡಿದಿಡುತ್ತಿದ್ದರು. ನರ್ಸ್ ನಾಲ್ಕನೆಯದರಲ್ಲಿ ಹತ್ತಿ ಅಲ್ಲಿ ಕೂರುತ್ತಿದ್ದರು. ಒಂದು ದಿನ ನರ್ಸ್ ಬರಲಿಲ್ಲ. ಆಮೇಲೂ ಬರಲಿಲ್ಲ. ಮೇಷ್ಟ್ರು ಒಂದು ತಿಂಗಳು ಸೀಟು ಹಿಡಿದೇ ಹಿಡಿದರು. ಕೊನೆಗೆ ವಿಪರೀತ ರಶ್ಶಿದ್ದ ಒಂದು ಬೆಳಿಗ್ಗೆ ಕಂಡಕ್ಟರರೇ ಆ ಬ್ಯಾಗನ್ನು ಎತ್ತಿಸಿದರು. ಮೇಷ್ಟ್ರು ಮಾತಾಡದೆ ಎದ್ದು ಮುಂದಿನ ಬಾಗಿಲಿಗೆ ಹೋಗಿ, ಆಸ್ಪತ್ರೆ ಸ್ಟಾಪಿನಲ್ಲಿ ಇಳಿದುಹೋದವರು ಮತ್ತೆ ಆ ಬಸ್ಸು ಹತ್ತಲಿಲ್ಲ. ಕಂಡಕ್ಟರ್ ಅಲ್ಲಿಗೇ ನಿಲ್ಲಿಸಿಬಿಟ್ಟಿದ್ದರು. ಒಬ್ಬ ಮನುಷ್ಯನ ಮನಸ್ಸು ಮುರಿದೆನೆಂಬುದು ಅವರನ್ನು ಇಷ್ಟು ವರ್ಷ ಕೊರೆಯುತ್ತಿತ್ತು. ಮೇಷ್ಟ್ರ ಕಾರ್ಡಿನಲ್ಲಿ ಮಾತ್ರ ಕೊನೆಯ ಪ್ರಶ್ನೆಗೆ ಸ್ಟಾಪಿನ ಹೆಸರನ್ನೂ ಬರೆದಿರಲಿಲ್ಲ.

ಡ್ರೈವರ್ ಹೊರಡಲು ಹನ್ನೆರಡು ದಿನ ಉಳಿದಿತ್ತು. ಇನ್ನು ಕಾಯುವಂತಿರಲಿಲ್ಲ. ಬರೆದಷ್ಟನ್ನಾದರೂ ಓದೋಣವೆಂದು ಕಂಡಕ್ಟರ್ ಅವರನ್ನು ಕರೆದುಕೊಂಡು ಬಂದರು. ಡ್ರೈವರ್ ಎತ್ತರದ ಆಳು. ಕೂತಮೇಲೆ ಕುರ್ಚಿಯನ್ನು ಹಿಂದೆ ಮುಂದೆ ಸರಿಸಿ ಕಾಲಿಗೆ ಸರಿಹೊಂದಿಸಿಕೊಂಡರು. ಮೊದಲ ಪುಟದಲ್ಲೇ ಬಾಯಿ ಹಾಕಿದರು. ಎರಡನೆಯದರಲ್ಲಿ ಬಸ್ಸಿನ ಬಣ್ಣದ ಬಗ್ಗೆ ತಕರಾರು ತೆಗೆದರು. ಕಂಡಕ್ಟರ್ ಕೇಳಿಸದವರಂತೆ ಓದುತ್ತಾ ಹೋದರು. ಮೇಷ್ಟ್ರು ಇಳಿದ ಬೆಳಿಗ್ಗೆ ಬಂತು. ಬಸ್ಸು ಸ್ಟಾಪು ಬಿಟ್ಟು ಅರ್ಧ ಮಾರು ಹೋಗುವುದರಲ್ಲಿ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ್ದು, ಯಾರದೋ ಬುಟ್ಟಿ ಮಗುಚಿ ಟೊಮೇಟೊಗಳು ಬಾಗಿಲವರೆಗೆ ಉರುಳಿದ್ದು, ಜನ ಬೈದದ್ದು, ಎಲ್ಲ ಇತ್ತು.

“ಬ್ರೇಕ್ ಯಾಕೆ ಹಾಕ್ದೆ ಅಂತ ಬರೆದಿದೀಯಾ?” ಎಂದರು ಡ್ರೈವರ್.

“ತೂಕಡಿಸ್ತಿದ್ರಿ ಅಂತ ಬರೆದಿದೀನಿ ಅಣ್ಣ.”

“ನಿನ್ನ ತಲೆ. ಆ ಮೇಷ್ಟ್ರು ಇಳಿದವರೇ ಬಸ್ಸಿನ ಮೂತಿ ಮುಂದೆ ಓಡಿ ರಸ್ತೆ ದಾಟಿದ್ರು ಕಣಯ್ಯಾ. ಎದುರಿನ ಸ್ಟಾಪಲ್ಲಿ ನರ್ಸಮ್ಮ ನಿಂತಿದ್ರು.”

ಕಂಡಕ್ಟರ್ ಪರದೆ ಬಿಟ್ಟು ಅವರತ್ತ ತಿರುಗಿದರು. ಡ್ರೈವರ್ ಉಳಿದದ್ದನ್ನು ಹೇಳಿದರು. ನರ್ಸಿಗೆ ರಾತ್ರಿ ಪಾಳಿಯಾಗಿತ್ತು, ಬೆಳಿಗ್ಗೆ ಮನೆಗೆ ಹೋಗಲು ಎದುರಿನ ಬಸ್ಸಿಗೆ ಕಾಯುತ್ತಿದ್ದರು. ಮಾರನೆಯ ದಿನದಿಂದ ಇಬ್ಬರೂ ಆ ಸ್ಟಾಪಿನಲ್ಲೇ ನಿಂತಿರುತ್ತಿದ್ದರು. ಮೇಷ್ಟ್ರು ಅವರನ್ನು ಮನೆ ಮುಟ್ಟಿಸಿ, ಊರೆಲ್ಲ ಸುತ್ತಿಕೊಂಡು ಶಾಲೆಗೆ ಹೋಗುತ್ತಿದ್ದಿರಬೇಕು.

“ಅವರಿಗೆ ಕೋಪ ಇತ್ತಾ?”

“ಕೋಪ ಎಲ್ಲಿಂದ ಬಂತು? ನಗ್ತಾ ಓಡ್ತಿದ್ರು. ನಂಗೆ ಕೈ ಮುಗಿದ್ರು ಬೇರೆ.”

“ಇಷ್ಟು ವರ್ಷ ನಂಗ್ಯಾಕೆ ಹೇಳ್ಲಿಲ್ಲ ಅಣ್ಣ?”

“ನೀನು ಕೇಳಿದ್ಯಾ? ಟೊಮೇಟೊ ಆರಿಸ್ತಾ ಬೈತಿದ್ದೆ.”

ಕಂಡಕ್ಟರ್ ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ನಂತರ ಮೇಷ್ಟ್ರ ಕಾರ್ಡು ತೆರೆದು ಎರಡೇ ಬೆರಳಿನಲ್ಲಿ ‘ರಸ್ತೆ ದಾಟಿದರು’ ಎಂದು ಒತ್ತಿದರು.

ಅಂದಿನಿಂದ ದಿನವೂ ಎರಡು ಕುರ್ಚಿ ಹಾಕಿದೆ. ಜನ ಬಸ್ಸಿನಲ್ಲಿದ್ದಷ್ಟು ಹೊತ್ತು ಏನು ಮಾಡಿದರೆಂದು ಕಂಡಕ್ಟರರಿಗೆ ಗೊತ್ತಿತ್ತು. ಸ್ಟಾಪಿನಲ್ಲಿ ಯಾರು ಕಾದು ನಿಂತಿದ್ದರೆಂದು ಡ್ರೈವರಿಗೆ ಗೊತ್ತಿತ್ತು. ಸದಾ ಗೊಣಗುತ್ತಿದ್ದ ಅಜ್ಜಿಯನ್ನು ಇಳಿಸಿಕೊಳ್ಳಲು ಮೂವರು ಮೊಮ್ಮಕ್ಕಳು ಬರುತ್ತಿದ್ದರಂತೆ. ಜೋರುಬಾಯಿಯ ವಕೀಲರು ಇಳಿದ ಕೂಡಲೇ ಹೆಂಡತಿಯ ಕೈಚೀಲ ಹೊತ್ತು ಅವರ ಹಿಂದೆ ನಡೆಯುತ್ತಿದ್ದರಂತೆ. ಏಳೆಂಟು ಜನರ ವಿಷಯ ಇಬ್ಬರಿಗೂ ತಿಳಿದಿರಲಿಲ್ಲ. ಅವರ ಕಾರ್ಡುಗಳಲ್ಲಿ ಸ್ಟಾಪಿನ ಹೆಸರು ಅಳಿಸಿ ಕೊನೆಯ ಪ್ರಶ್ನೆಯನ್ನು ಖಾಲಿ ಬಿಟ್ಟರು. ತೂಕಡಿಕೆಯ ಸಾಲು ತೆಗೆಯಬೇಕೆಂದು ಡ್ರೈವರ್ ಪಟ್ಟು ಹಿಡಿದರು. ಓದುವವರಿಗೆ ನಗು ಬರುವ ಜಾಗ ಅದೊಂದೇ ಎಂದು ಕಂಡಕ್ಟರ್ ಒಪ್ಪಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಹತ್ತಕ್ಕೆ ಕೊನೆಯ ದೃಶ್ಯ ಮುಗಿಯಿತು. ಡ್ರೈವರರ ರೈಲು ಎರಡು ಗಂಟೆಗೆ. ಪೂರ್ತಿ ಪುಸ್ತಕವನ್ನು ಕಂಡಕ್ಟರ್ ಒಂದೇ ಉಸಿರಿಗೆ ಓದಿದರು. ಆಶ್ಚರ್ಯವೆಂದರೆ, ಡ್ರೈವರ್ ಈ ಸಲ ನಡುವೆ ಒಂದು ಮಾತೂ ಆಡಲಿಲ್ಲ. ಮುಗಿದಮೇಲೆ ಪರದೆಯತ್ತ ಬೆರಳು ತೋರಿಸಿದರು.

“ಇಷ್ಟೊಂದು ಜನ ಇದ್ರು ಅಂತ ಆಗ್ಲೇ ಗೊತ್ತಿದ್ರೆ, ಇನ್ನೂ ಸ್ವಲ್ಪ ನಿಧಾನ ಓಡಿಸ್ತಿದ್ದೆ ಕಣಯ್ಯಾ.”

“ಓಡಿಸ್ತಿದ್ರಿ, ಲೇಟಾಯ್ತು ಅಂತ ನಾನು ಬೈಸ್ಕೊಳ್ತಿದ್ದೆ” ಎಂದ ಕಂಡಕ್ಟರ್, ಅವರ ಸೂಟ್‌ಕೇಸು ಎತ್ತಿಕೊಂಡರು.