ಮುತ್ಯಾಲಪ್ಪ ಕೇಳಿದ ಶುಕ್ರವಾರದ ಕರಕರ

ಬಸ್ಸಿನಲ್ಲಿ ಕೂತವರು ಇಯರ್‌ಫೋನ್ ಹಾಕಿಕೊಳ್ಳಿ. ಇವತ್ತು ಹೇಳುವುದು ಒಬ್ಬ ಮನುಷ್ಯನ ಕಿವಿಯ ಕಥೆ.

ಮುತ್ಯಾಲಪ್ಪ ನಮ್ಮ ಕಡೆಯ ಲೈನ್‌ಮನ್. ಕರೆಂಟಿನವನಲ್ಲ, ಫೋನಿನವನು. ನಮಗೆ ನೆಂಟನೇನೂ ಅಲ್ಲ, ಆದರೂ ನಾವೆಲ್ಲ ಮಾವ ಅಂತಲೇ ಕರೆಯುವುದು. ಸ್ವಂತ ಊರು ರೊದ್ದಂ. ಇಪ್ಪತ್ತನೇ ವಯಸ್ಸಿಗೆ ಕಲ್ಯಾಣದುರ್ಗದಲ್ಲಿ ಕೇಬಲ್ ಹೂಳಲು ಗುಂಡಿ ತೋಡುವ ಕೂಲಿಗೆ ಸೇರಿದ. ಗುಂಡಿಯ ಪಕ್ಕ ಕೂತು ತಂತಿ ಬೆಸೆಯುತ್ತಿದ್ದ ಹಿರಿಯನೊಬ್ಬ ಇವನ ಕಿವಿಗೆ ಫೋನ್ ಹಿಡಿದು, ಏನು ಕೇಳಿಸುತ್ತೆ ಎಂದು ಕೇಳಿದನಂತೆ. ಏನೂ ಇಲ್ಲ ಎಂದಿದ್ದಕ್ಕೆ, ಹಾಗಾದರೆ ಲೈನು ಚೆನ್ನಾಗಿದೆ ಎಂದನಂತೆ. ಮಾವನ ವಿದ್ಯಾಭ್ಯಾಸ ಅಷ್ಟೇ. ಆಮೇಲಿನ ಮೂವತ್ತೆಂಟು ವರ್ಷ ಅವನು ಆ 'ಏನೂ ಇಲ್ಲ'ವನ್ನೇ ಹುಡುಕಿಕೊಂಡು ಕಂಬ ಹತ್ತಿದ್ದಾನೆ.

ಹಿಂದೂಪುರದಿಂದ ಲೇಪಾಕ್ಷಿಯವರೆಗೆ ಒಂದು ಕಾಲಕ್ಕೆ ಅವನ ಕೈಯಲ್ಲಿ ಮುನ್ನೂರು ಮನೆಗಳ ಫೋನುಗಳಿದ್ದವು. ಈಗ ನಲವತ್ಮೂರು. ಅದಕ್ಕೆ ಬೇಜಾರಿಲ್ಲವಾ ಅಂದರೆ, ಮುನ್ನೂರಿದ್ದಾಗ ಮಧ್ಯಾಹ್ನ ಕಣ್ಣು ಮುಚ್ಚಲು ಪುರಸೊತ್ತಿರಲಿಲ್ಲ, ಈಗ ಹುಣಸೆ ಮರ ಕಂಡಲ್ಲೆಲ್ಲ ಮೊಪೆಡ್ ನಿಲ್ಲಿಸುತ್ತೇನೆ ಅನ್ನುತ್ತಾನೆ. ಮನೆಗಳನ್ನು ಫೋನ್ ನಂಬರಿನ ಕೊನೆಯ ಎರಡಂಕಿಯಿಂದ ಕರೆಯುತ್ತಾನೆ. ನಾವು 'ಎಪ್ಪತ್ತಾರು'. ನಮ್ಮಜ್ಜಿ ಕೊಂಡಮ್ಮ 'ಎಪ್ಪತ್ತಾರರ ಅಕ್ಕ'.

ನಮ್ಮ ಹಳ್ಳಿಗೆ ಹೊಸ ಫೈಬರ್ ಕೇಬಲ್ ಇನ್ನೂ ಬಂದಿಲ್ಲ, ಲೇಪಾಕ್ಷಿ ರಸ್ತೆಯಲ್ಲೇ ನಿಂತಿದೆ. ಮೊಬೈಲ್ ಸಿಗ್ನಲ್ ಬೇಕಾದರೆ ಮಾಳಿಗೆ ಹತ್ತಬೇಕು. ಹಾಗಾಗಿ ಇಂಟರ್‌ನೆಟ್ ಬರುವುದು ಹಳೇ ಫೋನಿನ ತಂತಿಯಲ್ಲೇ. ಈ ಬೇಸಿಗೆಯಲ್ಲಿ ನನಗೆ ಅದು ತುಂಬಾ ಬೇಕಾಯಿತು. ಕಣ್ಣಿನ ಆಸ್ಪತ್ರೆಗಳಿಗೆ ಅಪಾಯಿಂಟ್‌ಮೆಂಟ್ ಕೊಡುವ ಕಂಪನಿಯೊಂದು, ತೆಲುಗು ಕನ್ನಡ ಎರಡೂ ಮಾತಾಡುವವರನ್ನು ಮನೆಯಿಂದಲೇ ಕೆಲಸಕ್ಕೆ ತೆಗೆದುಕೊಳ್ಳುತ್ತಿತ್ತು. ಮಾತಾಡುವುದಕ್ಕೇ ಸಂಬಳ! ನನಗೆ ಇದಕ್ಕಿಂತ ಇನ್ನೇನು ಬೇಕು? ಪರೀಕ್ಷೆ ಶುಕ್ರವಾರ ನಾಲ್ಕು ಗಂಟೆಗೆ, ಇಂಟರ್‌ನೆಟ್ ಕರೆಯಲ್ಲೇ. ಮೊದಲ ಸಲ ನನ್ನ ದನಿ ತುಂಡುತುಂಡಾಗಿ ಹೋಗಿ ಫೇಲಾದೆ. ಕನಿಷ್ಠ ನಾಲ್ಕು ಎಂಬಿ ವೇಗ ಬೇಕು, ಮುಂದಿನ ಶುಕ್ರವಾರ ಇನ್ನೊಂದೇ ಅವಕಾಶ ಎಂದರು.

ನಮಗೆ ಬರುತ್ತಿದ್ದದ್ದು ಒಂದಕ್ಕಿಂತ ಕಡಿಮೆ. ಸಹಾಯವಾಣಿಗೆ ಫೋನ್ ಮಾಡಿದಾಗಲೆಲ್ಲ ಮೋಡೆಮ್ ಆರಿಸಿ ಹಚ್ಚಿ ಅನ್ನುತ್ತಿದ್ದರು. ಹನ್ನೊಂದು ಸಲ ಆರಿಸಿ ಹಚ್ಚಿದೆ. ಬುಧವಾರ ತಾನಾಗಿಯೇ ಐದು ಎಂಬಿ ಬಂತು. ಅವರು ಖುಷಿಯಿಂದ ದೂರು ಮುಚ್ಚಿದರು. ಶುಕ್ರವಾರ ಮಧ್ಯಾಹ್ನ ನೋಡಿದರೆ ಮತ್ತೆ ಮುಕ್ಕಾಲು. ಶುಕ್ರವಾರ ಎಲ್ಲರೂ ಹೊಸ ಸಿನಿಮಾ ನೋಡುತ್ತಾರೆ, ಅದಕ್ಕೇ ನೆಟ್ ಸಾಲುತ್ತಿಲ್ಲ ಅಂದುಕೊಂಡಿದ್ದೆ.

ಎರಡು ಗಂಟೆಗೆ ಮಾಳಿಗೆ ಹತ್ತಿ ಮುತ್ಯಾಲಪ್ಪನಿಗೆ ಮೊಬೈಲ್ ಮಾಡಿದೆ. ಅವನು ಹಿಂದೂಪುರದ ಹುಣಸೆ ಮಾರುಕಟ್ಟೆಯ ಹತ್ತಿರ ಯಾವುದೋ ಕಂಬದ ಮೇಲಿದ್ದ. ಕೆಳಗಿನ ಫೋನ್ ಎತ್ತಿ ಒಂದೇ ಒಂದು ಅಂಕಿ ಒತ್ತಿ, ಗುಂಯ್ ಅನ್ನುವ ಸದ್ದು ನಿಂತ ಮೇಲೆ ಏನು ಕೇಳಿಸುತ್ತದೆ ಹೇಳು ಎಂದ. ನಾನು ಮೇಲಿದ್ದೆನಲ್ಲ, ಅಜ್ಜಿಗೆ ಎತ್ತಲು ಹೇಳಿದೆ. ಅಜ್ಜಿ ಕೇಳಿಸಿಕೊಂಡು ಮೆಟ್ಟಿಲ ಬುಡದಿಂದ ಕೂಗಿದಳು.

"ಹುಳ್ಳಿ ಹುರ್ದಂಗೆ ಕರಕರ ಅಂತೈತೆ ಕಣಮ್ಮ."

ಮೋಡೆಮ್ ಕಿತ್ತು, ಫೋನನ್ನೇ ನೇರ ಗೋಡೆಗೆ ಸಿಕ್ಕಿಸಿ ಇನ್ನೊಂದು ಸಲ ಕೇಳಿ ಎಂದ. ನಾನು ಇಳಿದೆ, ಸಿಕ್ಕಿಸಿದೆ, ಹತ್ತಿದೆ. ಹುರುಳಿ ಇನ್ನೂ ಹುರಿಯುತ್ತಲೇ ಇತ್ತು. ಹಾಗಾದರೆ ಮೋಡೆಮ್ಮಿನ ತಪ್ಪಲ್ಲ, ತಂತಿಯದು ಎಂದ. ಯಾವ ದಿನ ಹೆಚ್ಚು ಎಂದು ಕೇಳಿದ. ಶುಕ್ರವಾರ ಎಂದೆ.

"ಶುಕ್ರವಾರ ನಿಮ್ಮನೇಲಿ ಏನ್ ಮಾಡ್ತೀರ?"

"ದೇವ್ರ ಮನೆ ತೊಳೀತಾರೆ. ಇನ್ನೇನಿಲ್ಲ ಮಾವ."

"ಸರೆ. ಬತ್ತೀನಿ ಇರು," ಎಂದು ಕಂಬದಿಂದಿಳಿದ.

ಮೂರೂ ಕಾಲಿಗೆ ಮೊಪೆಡ್ ಬಂತು. ಬಂದವನೇ ನೀರೂ ಕುಡಿಯದೆ, ಮನೆಯೊಳಗೂ ಬರದೆ, ಸೂರಿನಡಿ ಕಂಬದ ತಂತಿ ಮನೆಯ ತಂತಿಗೆ ಕೂಡುವ ಜಾಗಕ್ಕೆ ತನ್ನ ಟೆಸ್ಟ್ ಫೋನ್ ಸಿಕ್ಕಿಸಿ ಕಣ್ಣು ಮುಚ್ಚಿದ. ಒಳಗೆ ಹೋಗುವ ತಂತಿ ಬಿಚ್ಚಿದರೆ ನಿಶ್ಶಬ್ದ. ಜೋಡಿಸಿದರೆ ಕರಕರ. ಕಾಯಿಲೆ ಮನೆಯೊಳಗೇ ಇದೆ ಎಂದು ಚಪ್ಪಲಿ ಬಿಟ್ಟು ಬಂದ.

ಫೋನ್ ತಂತಿ ಬಂದು ಸೇರುವ ಪುಟ್ಟ ಡಬ್ಬಿ ದೇವರ ಮನೆಯ ಬಾಗಿಲ ಪಕ್ಕದ ಗೋಡೆಗಿದೆ. ಯುಗಾದಿಗೆ ಸುಣ್ಣ ಬಳಿಯುವಾಗ ಅದರ ಮುಚ್ಚಳ ಒಡೆದುಹೋಗಿತ್ತು. ಒಳಗಿನ ಎರಡು ಹಿತ್ತಾಳೆ ತಿರುಪುಗಳು ಫಳಫಳ ಹೊಳೆಯುತ್ತಿದ್ದವು. ಮುತ್ಯಾಲಪ್ಪ ಅವನ್ನು ತುಂಬಾ ಹೊತ್ತು ನೋಡಿದ. ಆಮೇಲೆ ಒಂದು ಬೆರಳು ಒತ್ತಿ, ಆ ಬೆರಳನ್ನು ನಾಲಿಗೆಗೆ ಮುಟ್ಟಿಸಿದ.

"ಕೊಂಡಕ್ಕ, ಇದ್ನ ಯಾವುದ್ರಾಗೆ ತೊಳೀತೀಯ?"

"ದೀಪ ತೊಳ್ಯೋ ಹುಣ್ಸೇಹಣ್ಣಾಗೇ, ಒಂಚೂರು ಉಪ್ಪಾಕಿ. ಇದೂ ಹಿತ್ತಾಳೆನೇ ಅಲ್ವೇನಪ್ಪ? ದೇವ್ರ ಬಾಗ್ಲಾಗೆ ಮಂಕಾಗಿದ್ರೆ ನೋಡಕ್ಕಾಯ್ತದಾ? ಕೈ ಒಂದೊಂದ್ಸಲ ಜುಮ್ ಅಂತಿತ್ತು, ಇರ್ಲಿ ಅಂತ ಸುಮ್ಕಿದ್ದೆ."

ಬಾಯಿ ತೆರೆದೆ. ಏನೆಂದು ಕೂಗುತ್ತಿದ್ದೆನೋ ಗೊತ್ತಿಲ್ಲ, ಮುತ್ಯಾಲಪ್ಪ ಹಿಂದೆ ನೋಡದೆಯೇ ಅಂಗೈ ಎತ್ತಿ ನನ್ನನ್ನು ತಡೆದ. ಎರಡು ತಂತಿ ಒಂದನ್ನೊಂದು ಮುಟ್ಟಬಾರದು, ಉಪ್ಪು ಹುಳಿಯ ತೇವ ಅವೆರಡರ ನಡುವೆ ದಾರಿ ಮಾಡಿಕೊಡುತ್ತದೆ, ಒಣಗುತ್ತ ಬುಧವಾರದ ಹೊತ್ತಿಗೆ ನೆಟ್ ಸುಧಾರಿಸುತ್ತದೆ, ಶುಕ್ರವಾರ ಮತ್ತೆ ಅದೇ ಕಥೆ ಎಂದು ಮೆಲ್ಲಗೆ ಬಿಡಿಸಿ ಹೇಳಿದ. ಅಜ್ಜಿಯ ಮುಖ ಸಣ್ಣಗಾಯಿತು. ನನಗೆ ಪರೀಕ್ಷೆ ಇದೆಯೆಂದು ಅವತ್ತು ಬೆಳಿಗ್ಗೆ ಎರಡು ಸಲ ತಿಕ್ಕಿದ್ದಳಂತೆ.

"ಮೂವತ್ತೆಂಟು ವರ್ಸದಾಗೆ ಇಷ್ಟು ಚೊಕ್ಕಟ ಇರೋ ಡಬ್ಬಿ ನಾನು ನೋಡಿಲ್ಲ ಕಣಕ್ಕ," ಎಂದ ಮುತ್ಯಾಲಪ್ಪ. "ಆದ್ರೆ ಇದಕ್ಕೆ ಚೊಕ್ಕಟ ಬ್ಯಾಡ. ಒಣಗಿದ್ರೆ ಸಾಕು."

ಮೂರೂವರೆ. ತಿರುಪು ಬಿಚ್ಚಿದರೆ ತಂತಿಯ ತುದಿಗಳು ಎರಡು ಬೆರಳುದ್ದ ಹಸಿರುಗಟ್ಟಿದ್ದವು. ಹೊಸ ಡಬ್ಬಿ ಅವನ ಚೀಲದಲ್ಲಿರಲಿಲ್ಲ. ಕಚೇರಿಯಲ್ಲೂ ಇಲ್ಲ, ಈಗ ಯಾರೂ ಕೇಳುವುದಿಲ್ಲವಂತೆ. ಹಸಿರನ್ನು ಕತ್ತರಿಸಿ ಬಿಸಾಕಿ, ಹೊಳೆಯುವ ತಾಮ್ರ ಸುಲಿದು, ಡಬ್ಬಿಯನ್ನೇ ಬಿಟ್ಟು ಮೋಡೆಮ್ಮಿನ ತಂತಿಗೆ ನೇರ ಬೆಸೆದ. ಮೇಲೆ ಎರಡು ಪುಟ್ಟ ಕನೆಕ್ಟರ್ ಒತ್ತಿದ. ಕತ್ತರಿಸಿದ್ದಕ್ಕೆ ತಂತಿ ಒಂದು ಗೇಣು ಕಡಿಮೆಯಾಯಿತು, ಮೋಡೆಮ್ ಇದ್ದ ಸ್ಟೂಲಿಗೆ ಅದು ನಿಲುಕುತ್ತಿರಲಿಲ್ಲ. ಅಜ್ಜಿ ತಾನೇ ಸ್ಟೂಲನ್ನು ದೇವರ ಮನೆಯ ಹೊಸ್ತಿಲಿಗೇ ಎಳೆದು ತಂದಳು.

ಹಸಿರು ದೀಪ ಮಿಟುಕಿತು, ಮಿಟುಕಿತು, ನಿಂತಿತು. ಆರೂ ಕಾಲು ಎಂಬಿ. ಗಂಟೆ ನಾಲ್ಕಕ್ಕೆ ಐದು ನಿಮಿಷ.

ನಾನು ಹೊಸ್ತಿಲ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೆ. ಮುತ್ಯಾಲಪ್ಪ ಅಜ್ಜಿಯನ್ನು ಕರೆದುಕೊಂಡು ಹೊರಗೆ ಜಗಲಿಗೆ ಹೋದ. ಪರೀಕ್ಷೆ ಮಾಡಿದ ಮೇಡಂ, ಕಣ್ಣಿನ ಪೊರೆ ಬಂದ ಒಬ್ಬ ಮುದುಕನ ಹಾಗೆ ತೆಲುಗಿನಲ್ಲಿ ಶುರು ಮಾಡಿ, ನಡುವೆ ಕನ್ನಡಕ್ಕೆ ಹಾರಿ, ಬಸ್ಸು ಎಷ್ಟೊತ್ತಿಗಿದೆ ಎಂದು ಜಗಳಕ್ಕೇ ಬಿದ್ದಳು. ನಾನೂ ತೆಲುಗಿನಲ್ಲಿ ಸಮಾಧಾನ ಮಾಡಿ, ಕನ್ನಡದಲ್ಲಿ ಬಸ್ಸು ಹತ್ತಿಸಿ, ಮಂಗಳವಾರ ಹತ್ತು ಗಂಟೆಗೆ ಬರಲು ಒಪ್ಪಿಸಿದೆ. ಅವಳು ನಕ್ಕದ್ದು ಸ್ಪಷ್ಟವಾಗಿ ಕೇಳಿಸಿತು. ಸೋಮವಾರದಿಂದ ಕೆಲಸಕ್ಕೆ ಕೂರಿ ಎಂದಳು.

ಓಡಿ ಹೊರಗೆ ಹೋದೆ. ಕೆಲಸ ಸಿಕ್ಕಿತು ಎಂದೆ. ಅಜ್ಜಿ ನನ್ನ ಗಲ್ಲ ಹಿಡಿದುಕೊಂಡಳು. ಮುತ್ಯಾಲಪ್ಪನಿಗೆ ಅಷ್ಟು ಸಾಲಲಿಲ್ಲ.

"ನಡುವೆ ಮಾತು ಕಡೀತಾ?"

"ಒಂದ್ಸಲಾನೂ ಇಲ್ಲ ಮಾವ."

"ಕರಕರ?"

"ಏನೂ ಇಲ್ಲ."

ಆಗ ಅವನು ಟೆಸ್ಟ್ ಫೋನಿನ ತಂತಿ ಸುತ್ತಿ ಚೀಲಕ್ಕೆ ಹಾಕಿ, ಬೆಳಿಗ್ಗೆಯಿಂದ ಊಟ ಮಾಡಿಲ್ಲ ಎಂದು ಅಜ್ಜಿಗೆ ಹೇಳಿದ. ಅಜ್ಜಿ ಬೈಯುತ್ತಲೇ ಒಳಗೆ ಹೋಗಿ ಮುದ್ದೆ ಮತ್ತು ಸೊಪ್ಪಿನ ಸಾರು ತಂದಿಟ್ಟಳು. ಎಪ್ಪತ್ತಾರರ ಜಗಲಿಯ ಮೇಲೆ ಅವನು ಎರಡು ಮುದ್ದೆ ಉಂಡ. ಮೂರನೆಯದಕ್ಕೆ ಬೇಡ ಎನ್ನುವಷ್ಟರಲ್ಲಿ ಅಜ್ಜಿ ಬಡಿಸಿಬಿಟ್ಟಿದ್ದಳು.