ಗಿಡವೂ ಅರಗಿಸಿಕೊಳ್ಳಬೇಕಲ್ಲ

ಇಪ್ಪತ್ತು ವರ್ಷಗಳ ಹಿಂದೆ ವಡೋದರಾದಲ್ಲಿ ಓದುತ್ತಿದ್ದಾಗ ನಾನು ಊಟ ಮಾಡುತ್ತಿದ್ದದ್ದು ಜಲಜಕ್ಕನ ಉಡುಪಿ ಹೋಟೆಲಿನಲ್ಲಿ. ಒಂದು ಸಂಜೆ ಮಗಳು ಶ್ವೇತಾಗೆ ವಿಜ್ಞಾನ ಹೇಳಿಕೊಡಿ ಎಂದರು. ಮರುದಿನವೇ ಅವಳಿಗೆ ಪರೀಕ್ಷೆ.

"ಗಿಡದ ಜೀವಕೋಶಕ್ಕೆ ಗೋಡೆಯಿದೆ, ಪತ್ರಹರಿತ್ತು ಇದೆ. ಬಿಸಿಲಿನಿಂದ ಸಕ್ಕರೆ ಮಾಡಿಕೊಳ್ಳುತ್ತದೆ. ಪ್ರಾಣಿಗಳಿಗೆ ಅವೆರಡೂ ಇಲ್ಲ. ಬದಲಿಗೆ, ತಿಂದದ್ದನ್ನು ಶಕ್ತಿಯಾಗಿಸುವ ಮೈಟೊಕಾಂಡ್ರಿಯಾ ಇದೆ," ಎಂದೆ.

ಬೀನ್ಸ್ ಹೆಚ್ಚುತ್ತಿದ್ದ ಜಲಜಕ್ಕ ತಲೆಯೆತ್ತಿದರು. "ಮಾಡಿಟ್ಟ ಸಕ್ಕರೆಯನ್ನು ಗಿಡವೂ ಅರಗಿಸಿಕೊಳ್ಳಬೇಕಲ್ಲ ಮಾಷ್ಟ್ರೇ? ಅದಕ್ಕೆ ಏನುಂಟು?"

ಶ್ವೇತಾ ಪುಸ್ತಕ ತೆರೆದು ನೋಡಿದಳು. "ಅಮ್ಮ ಕರೆಕ್ಟ್! ಗಿಡದಲ್ಲೂ ಮೈಟೊಕಾಂಡ್ರಿಯಾ ಉಂಟು!"

ಐದನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ಜಲಜಕ್ಕ ನಾಚಿ ಮತ್ತೆ ಬೀನ್ಸಿನತ್ತ ಬಗ್ಗಿದರು. ಮುಖದ ಖುಷಿ ಮಾತ್ರ ಅಡಗಲಿಲ್ಲ.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದಿತ್ತಂತೆ. ಅಂದಿನಿಂದ ನಾನು ಓದಿಕೊಂಡೇ ಪಾಠಕ್ಕೆ ಹೋಗುತ್ತಿದ್ದೆ. ನನಗೆ ಹೆದರಿಕೆಯಿದ್ದದ್ದು ಶ್ವೇತಾಳದ್ದಲ್ಲ, ಬೀನ್ಸ್ ಹೆಚ್ಚುತ್ತಾ ಕಿವಿಗೊಡುವ ಅವಳಮ್ಮನದ್ದು.